ಉಪ್ಪು ನೋಡದ ಅಡುಗೆ

ನಾನು ಹುಟ್ಟಿ ಬೆಳೆದ ಮೈಸೂರಿನ ಮನೆಯಲ್ಲಿ ಈರುಳ್ಳಿ ಕೂಡ ಅಜ್ಜಿಯ ಕಣ್ಣು ತಪ್ಪಿಸಿಯೇ ಒಳಗೆ ಬರಬೇಕಿತ್ತು. ಅಂಥ ಮನೆಯ ಹುಡುಗಿ ಟೆಕ್ಸಸ್‌ಗೆ ಹೋಗಿ, ಪಕ್ಕದ ಮನೆಯವರ ಅಡುಗೆಮನೆಯಲ್ಲಿ ನಿಂತು, ಕಾಡುಹಂದಿಯ ಮಾಂಸವನ್ನು ಕೆಂಪು ವೈನಿನಲ್ಲಿ ನೆನೆಹಾಕಿ, ಇಟಲಿಯ ಹಳ್ಳಿಗರ ಹಾಗೆ ಬೇಯಿಸಿ ಬಡಿಸಿದ್ದಾಳೆ ಎಂದರೆ ನನ್ನ ದೊಡ್ಡಮ್ಮ ಚಿಕ್ಕಮ್ಮಂದಿರು ನಂಬುವುದಿಲ್ಲ. ನಂಬಿಸಲು ನಾನೂ ಹೋಗಿಲ್ಲ. ಬೇಯಿಸಿದೆನೇ ಹೊರತು ತಿನ್ನಲಿಲ್ಲ ಎಂದು ಸೇರಿಸಿದರೂ ಅವರಿಗೆ ಅದರಿಂದ ಹೆಚ್ಚಿನ ಸಮಾಧಾನವೇನೂ ಆಗಲಾರದು.

ಎರಡು ಸಾವಿರದ ಇಸವಿ ಕಳೆದು ಸ್ವಲ್ಪವೇ ಕಾಲವಾಗಿತ್ತು. ನಾವು ಡಾಲಸ್‌ನ ಉತ್ತರಕ್ಕೆ ಅಲೆನ್‌ನಲ್ಲಿದ್ದೆವು. ಸಾಫ್ಟ್‌ವೇರ್ ಕಂಪನಿಗಳು ಒಂದರ ಹಿಂದೊಂದು ಜನರನ್ನು ಮನೆಗೆ ಕಳಿಸುತ್ತಿದ್ದ ದಿನಗಳು. ನನ್ನ ಗಂಡನ ಕೆಲಸವೂ ಹೋಗಿ, ಕೊನೆಗೆ ಆಸ್ಟಿನ್‌ನಲ್ಲಿ ಒಂದು ಕಾಂಟ್ರಾಕ್ಟ್ ಸಿಕ್ಕಿತು. ಸೋಮವಾರ ಬೆಳಿಗ್ಗೆ ಇದ್ದ ಒಂದೇ ಕಾರನ್ನು ತೆಗೆದುಕೊಂಡು ಹೋದರೆ ಶುಕ್ರವಾರ ಸಂಜೆಗೆ ವಾಪಸ್ಸು. ನನ್ನ ವೀಸಾದಲ್ಲಿ ನಾನು ಕೆಲಸ ಮಾಡುವಂತಿರಲಿಲ್ಲ. ಹೊಸ ಮನೆಗಳ ಬಡಾವಣೆ, ಅಗಲವಾದ ರಸ್ತೆಗಳು, ನಡೆದುಹೋಗಲು ಒಂದು ಅಂಗಡಿಯಿಲ್ಲ. ಕ್ಯಾರಲ್ಟನ್‌ನ ಇಂಡಿಯನ್ ಅಂಗಡಿಯಿಂದ ಒಂದು ಕಟ್ಟು ಕೊತ್ತಂಬರಿ ಸೊಪ್ಪು ತರಬೇಕಾದರೂ ವಾರವಿಡೀ ಕಾಯಬೇಕು. ಕಾಲಿದ್ದೂ ಕುಂಟಿಯಾಗಿದ್ದೆ. ಗಂಡ ನನಗೆ ಡ್ರೈವಿಂಗ್ ಕಲಿಸಲು ಹೊರಟದ್ದು ಒಂದೇ ಶನಿವಾರಕ್ಕೆ ಮುಗಿಯಿತು. ನನಗೆ ಕೋಪ ಮೂಗಿನ ತುದಿಯಲ್ಲಿ, ಅವರಿಗೆ ಉಪದೇಶ ನಾಲಿಗೆಯ ತುದಿಯಲ್ಲಿ. ನಡುದಾರಿಯಲ್ಲಿ ಕಾರಿನಿಂದ ಇಳಿದು, ಬಾಗಿಲನ್ನು ದಢಾರನೆ ಹಾಕಿ, ಬಿಸಿಲಿನಲ್ಲಿ ಮನೆಗೆ ನಡೆದುಕೊಂಡು ಬಂದೆ.

ಆ ನಡಿಗೆಯನ್ನು ಪಕ್ಕದ ಮನೆಯವರು ನೋಡಿದರು. ಹೆಸರು ಹಿಡಿದು ಕರೆಯಲು ನನಗೆ ಕೊನೆಯವರೆಗೂ ಬಾಯಿ ಬರಲಿಲ್ಲ. ಅಂಕಲ್ ಎಂದೇ ಕರೆದೆ, ಅವರೂ ಒಗ್ಗಿಕೊಂಡರು. ಎಪ್ಪತ್ತು ದಾಟಿದವರು, ತಾತನ ಕಾಲದಲ್ಲಿ ಇಟಲಿಯಿಂದ ಬಂದ ಕುಟುಂಬ. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಮರುದಿನ ಬಾಗಿಲು ತಟ್ಟಿ, "ನನ್ನ ಹತ್ರ ಒಂದು ಕಾರು ಸುಮ್ನೆ ನಿಂತಿದೆ ಕಣಮ್ಮ. ಅದಕ್ಕೂ ಸ್ವಲ್ಪ ಓಡಾಟ ಬೇಕು" ಎಂದರು. ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕನ್ನಡ ಬಂದಿದ್ದರೆ ಅವರು ಹೀಗೇ ಮಾತಾಡುತ್ತಿದ್ದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಅದು ಅವರ ಹೆಂಡತಿಯ ಕಾರು. ಆಕೆಯ ತಂಪು ಕನ್ನಡಕ ಇನ್ನೂ ಅದರಲ್ಲೇ ಇತ್ತು. ಆಕೆಯ ಕಾಲಿಗೆ ಹೊಂದಿಸಿದ್ದ ಸೀಟು ನನಗೂ ಸರಿಹೋಯಿತು. ಚರ್ಚೊಂದರ ಖಾಲಿ ಪಾರ್ಕಿಂಗ್ ಜಾಗದಲ್ಲಿ ದಿನಾ ಬೆಳಿಗ್ಗೆ ಅವರು ನನ್ನ ಪಕ್ಕ ಕೂತು ಕಲಿಸಿದರು. ನಾನು ಸಿಡುಕಿದರೆ ಕಿಟಕಿಯಾಚೆ ನೋಡುತ್ತ, ನನ್ನ ಕೋಪ ಇಳಿಯುವವರೆಗೆ ಕಾಯುತ್ತಿದ್ದರು. ಒಮ್ಮೆ ದೀಪದ ಕಂಬಕ್ಕೆ ಗುದ್ದಿ ಬಂಪರ್ ಬಗ್ಗಿಸಿದೆ. ಇಳಿದು ನೋಡಿ, "ಪರವಾಗಿಲ್ಲ, ಅವಳು ಇದಕ್ಕಿಂತ ಜೋರಾಗಿ ಗುದ್ದಿದ್ಲು" ಎಂದು ಮತ್ತೆ ಬಂದು ಕೂತರು. ಲೈಸೆನ್ಸ್ ಕೈಗೆ ಬಂದ ದಿನ ಕೀಲಿಯನ್ನೂ ಕೈಗೇ ಕೊಟ್ಟರು. ಯಾವುದೋ ದೇಶದಿಂದ ಬಂದ ಸಿಡುಕಿಯೊಬ್ಬಳಿಗೆ, ತಾವು ಎಲ್ಲರಿಗಿಂತ ಹೆಚ್ಚು ಪ್ರೀತಿಸಿದವಳ ಸೀಟಿನಲ್ಲಿ ಕೂರಲು ಬಿಟ್ಟರಲ್ಲ! ಬದಲಿಗೆ ಏನನ್ನೂ ಕೇಳಲಿಲ್ಲ. ನನಗೆ ಕಷ್ಟವಾಗುತ್ತಿದ್ದದ್ದೇ ಅದು. ಪಾಯಸ ಕೊಟ್ಟರೆ ಸಿಹಿ ಹೆಚ್ಚಾಯಿತೆನ್ನುತ್ತಿದ್ದರು, ಪುಳಿಯೋಗರೆ ಕೊಟ್ಟರೆ ನೀರು ಕುಡಿಯುತ್ತಿದ್ದರು.

ವರ್ಷಕ್ಕೊಮ್ಮೆ, ಹೆಂಡತಿ ತೀರಿಕೊಂಡ ದಿನಕ್ಕೆ ಹತ್ತಿರದ ಭಾನುವಾರ, ಅವರು ಆಕೆ ಮಾಡುತ್ತಿದ್ದ ಕಾಡುಹಂದಿಯ ಸ್ಟ್ಯೂ, ಅಂದರೆ ಮಾಂಸದ ಗಟ್ಟಿ ಸಾರು, ಮಾಡುತ್ತಿದ್ದರು. ಉಣ್ಣಲು ಬರುವವರು ಒಬ್ಬರೇ, ಹೂಸ್ಟನ್‌ನಿಂದ ಆಕೆಯ ತಂಗಿ. ಅಲ್ಲಿನ ಎನರ್ಜಿ ಕಾರಿಡಾರ್ ಎಂಬ ಭಾಗದ ತೈಲ ಕಂಪನಿಯೊಂದರಲ್ಲಿ ದುಡಿದು ನಿವೃತ್ತರಾದವರು, ಮದುವೆಯಾಗದವರು. ಮಾತು ಕಡಿಮೆ, ಇದ್ದ ಮಾತೂ ಖಾರ. ತೀರಿಕೊಂಡಾಕೆಯನ್ನು ಹತ್ತಿರದಿಂದ ಬಲ್ಲವರು ಭೂಮಿಯ ಮೇಲೆ ಉಳಿದಿದ್ದದ್ದು ಇವರಿಬ್ಬರೇ. ಹಿಂದಿನ ವರ್ಷ ಆ ತಂಗಿ ಊಟ ಮುಗಿಸಿ, ಬಾಗಿಲಲ್ಲಿ ನಿಂತು ಹೇಳಿ ಹೋಗಿದ್ದರಂತೆ: "ಇದು ಅವಳ ಅಡುಗೆಯ ಹಾಗಿಲ್ಲ. ವರ್ಷಾ ವರ್ಷಾ ಇದನ್ನ ತಿಂದು ತಿಂದು ಅವಳ ಕೈರುಚಿಯೇ ಮರೆತುಹೋಗ್ತಿದೆ ನನಗೆ. ಇನ್ನೊಂದು ಸಲ ಬರ್ತೀನಿ. ಆಗಲೂ ಹೀಗೇ ಇದ್ರೆ ಆಮೇಲೆ ನನ್ನ ಕರೀಬೇಡ."

ಆ ಇನ್ನೊಂದು ಸಲಕ್ಕೆ ವಾರವಿದೆ ಎನ್ನುವಾಗ ಅಂಕಲ್ ಸೂರಿನಂಚಿನ ಮಳೆನೀರಿನ ದೋಣಿಯಿಂದ ಎಲೆ ತೆಗೆಯಲು ಏಣಿ ಹತ್ತಿ, ಜಾರಿ, ಬಲಗೈ ಮುರಿದುಕೊಂಡರು. ನಾನೇ ಆ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದೆ. ಮನೆಗೆ ಬಂದು, ಬ್ಯಾಂಡೇಜು ಕಟ್ಟಿದ ಕೈಯನ್ನು ಮೇಜಿನ ಮೇಲಿಟ್ಟುಕೊಂಡು ಕೂತು, ಈ ಕಥೆಯನ್ನೆಲ್ಲ ಹೇಳಿದರು.

"ಬರಬೇಡ ಅಂತ ಫೋನ್ ಮಾಡ್ಬಿಡ್ತೀನಿ" ಎಂದರು. "ಇನ್ಮೇಲೆ ಬರಲ್ಲ ಅವಳು. ಆಮೇಲೆ ಅವಳ ಅಕ್ಕನ ಬಗ್ಗೆ ಮಾತಾಡೋಕೆ ನನಗೆ ಯಾರಿದಾರೆ? ಗೋಡೆ."

"ಫೋನ್ ಮಾಡಬೇಡಿ. ನಾನು ಮಾಡ್ತೀನಿ" ಎಂದೆ.

"ಏನು, ಫೋನಾ?"

"ಅಡುಗೆ!"

ನನ್ನ ಬಾಯಿ ಯಾವಾಗಲೂ ನನಗಿಂತ ಒಂದು ಹೆಜ್ಜೆ ಮುಂದೆ. ಮನೆಗೆ ಬಂದು ಕೈಕಾಲು ತೊಳೆದುಕೊಂಡ ಮೇಲೆ ಏನು ಹೇಳಿ ಬಂದಿದ್ದೇನೆ ಎಂಬುದು ತಲೆಗೆ ಹತ್ತಿ ಸೋಫಾದ ಮೇಲೆ ಕುಸಿದೆ. ಆಸ್ಟಿನ್‌ನಲ್ಲಿದ್ದ ಗಂಡನಿಗೆ ಫೋನ್ ಮಾಡಿದರೆ ಅವರು ನಕ್ಕ ನಗು ನಿಲ್ಲಲೇ ಇಲ್ಲ. "ಆಮ್ಲೆಟ್ ಹಾಕಿದ ಕಾವಲೀಲಿ ದೋಸೆ ಹುಯ್ಯಲ್ಲ ಅನ್ನೋಳು ನೀನು! ಹಂದಿ ಬೇಯಿಸ್ತೀಯಾ?" ನಗುತ್ತಿದ್ದವರಿಗೆ ಒಂದು ಕೆಲಸ ಹಚ್ಚಿದೆ. ಮಾಂಸ ಬರುತ್ತಿದ್ದದ್ದು ಆಸ್ಟಿನ್‌ನ ಆಚೆ ಜಮೀನಿದ್ದ ಅಂಕಲ್‌ರ ಹಳೆಯ ಸ್ನೇಹಿತರಿಂದ. ಅಲ್ಲಿ ಕಾಡುಹಂದಿಗಳು ಹೊಲಗಳನ್ನು ಅಗೆದು ಹಾಳು ಮಾಡುತ್ತವೆಂದು ಹೊಡೆಯುತ್ತಲೇ ಇರುತ್ತಾರೆ. ಶುಕ್ರವಾರ ಸಂಜೆ ನನ್ನ ಗಂಡ ಮಂಜುಗಡ್ಡೆಯ ಪೆಟ್ಟಿಗೆಯನ್ನು ಕಾರಿನ ಹಿಂದೆ ಇಟ್ಟುಕೊಂಡು, ದಾರಿಯುದ್ದಕ್ಕೂ ಕಿಟಕಿ ತೆರೆದುಕೊಂಡು ಡ್ರೈವ್ ಮಾಡಿ ಬಂದರು. "ವರಾಹಸ್ವಾಮೀನ ಡಿಕ್ಕೀಲಿ ಕೂರಿಸ್ಕೊಂಡು ಬಂದಿದೀನಿ, ಆರತಿ ತಗೊಂಡ್ ಬಾ" ಎಂದು ಬಾಗಿಲಲ್ಲೇ ಕೂಗಿದರು. ನಾನು ಪೆಟ್ಟಿಗೆಯನ್ನು ನಮ್ಮ ಹೊಸಿಲು ದಾಟಿಸಲು ಬಿಡದೆ ನೇರ ಪಕ್ಕದ ಮನೆಗೆ ಕಳಿಸಿದೆ. ಪಾಪ ಪುಣ್ಯದ ವಿಷಯದಲ್ಲಿ ನಾನು ವಿಳಾಸವನ್ನೂ ನೋಡುತ್ತೇನೆ.

ಶನಿವಾರ ಮಧ್ಯಾಹ್ನ ಪಾತ್ರೆ ತೊಳೆಯುವ ರಬ್ಬರ್ ಗವಸು ತೊಟ್ಟು ನಿಂತೆ. ಅಂಕಲ್ ಕುರ್ಚಿ ಹಾಕಿಕೊಂಡು ಕೂತು ಹೇಳಿದ ಹಾಗೆ ಕತ್ತರಿಸಿದೆ. ಆ ಕಪ್ಪುಗೆಂಪು ಬಣ್ಣ, ಕತ್ತಿಯ ಕೆಳಗಿನ ಆ ಬಿಗಿ, ಒದ್ದೆ ಮಣ್ಣಿನಂಥ ವಾಸನೆ. ಎರಡು ಸಲ ಹಿತ್ತಲಿಗೆ ಹೋಗಿ ನಿಂತೆ. ಅಸಹ್ಯವಾಗಲಿಲ್ಲ ಎಂದರೆ ಸುಳ್ಳಾದೀತು. ಅಂಕಲ್ ಬೇಡವೆಂದೂ ಹೇಳಲಿಲ್ಲ, ಭೇಷ್ ಎಂದೂ ಹೇಳಲಿಲ್ಲ. ಪಾರ್ಕಿಂಗ್ ಜಾಗದಲ್ಲಿ ಕಾಯುತ್ತಿದ್ದ ಹಾಗೆಯೇ ಕಿಟಕಿಯಾಚೆ ನೋಡುತ್ತ ಕಾದರು. ಈರುಳ್ಳಿ, ಕ್ಯಾರೆಟ್, ಸೆಲರಿಯ ದಂಟು, ಲವಂಗ, ಪಲಾವಿನ ಎಲೆಯಂಥದೇ ಒಂದು ಎಲೆ, ಜೂನಿಪರ್ ಎಂಬ ಕಪ್ಪು ಕಾಳು, ಇಷ್ಟನ್ನೂ ಮಾಂಸದ ಜೊತೆಗೆ ಹಾಕಿ ಮುಳುಗುವಷ್ಟು ಕೆಂಪು ವೈನ್ ಸುರಿದು ಮುಚ್ಚಿಟ್ಟೆವು.

ಮನೆಗೆ ಬಂದು ತಲೆಗೆ ನೀರು ಹಾಕಿಕೊಳ್ಳುವಾಗ ನನಗೆ ಹೊಳೆಯಿತು: ಇದು ತಿಥಿ. ಅವರಿಗೆ ಆ ಮಾತು ಗೊತ್ತಿಲ್ಲ ಅಷ್ಟೇ. ವರ್ಷಕ್ಕೊಮ್ಮೆ, ಹೋದವಳ ದಿನ, ಅವಳಿಗೆ ಇಷ್ಟವಾದದ್ದನ್ನು ಮಾಡಿ, ಅವಳ ಕಡೆಯವರನ್ನು ಕರೆದು ಬಡಿಸುವುದು ಮತ್ತಿನ್ನೇನು? ನಮ್ಮಲ್ಲಿ ತಿಥಿಗೆ ನಿಷಿದ್ಧವಾದದ್ದೆಲ್ಲ ಒಂದೇ ಪಾತ್ರೆಯಲ್ಲಿ ಸೇರಿತ್ತೆಂಬುದು ಬೇರೆ ಮಾತು. ನಮ್ಮ ಪುರೋಹಿತರು ನೋಡಿದ್ದರೆ ಪಂಚೆ ಎತ್ತಿಕೊಂಡು ಓಡುತ್ತಿದ್ದರು. ಆದರೆ ಹಾಗೆ ಹೊಳೆದ ಮೇಲೆ ನನ್ನ ಅಸಹ್ಯ ಇಳಿಯಿತು. ತಿಥಿಯ ಅಡುಗೆ ನನಗೆ ಗೊತ್ತು. ಭಾನುವಾರ ಬೆಳಿಗ್ಗೆ ಬೇಗ ಎದ್ದು, ಮತ್ತೆ ತಲೆಗೆ ಸ್ನಾನ ಮಾಡಿ, ಒಗೆದ ಸೀರೆಯುಟ್ಟು ಪಕ್ಕದ ಮನೆಗೆ ಹೋದೆ. ಸೀರೆ ನೋಡಿ ಅಂಕಲ್ ಒಳಗೆ ಹೋಗಿ ತಾವೂ ಒಳ್ಳೆಯ ಶರ್ಟು ಹಾಕಿಕೊಂಡು ಬಂದರು.

ನೆನೆಸಿದ ವೈನನ್ನು ಚೆಲ್ಲಿ, ಮಾಂಸವನ್ನು ಬಟ್ಟೆಯಲ್ಲಿ ಒತ್ತಿ ಒಣಗಿಸಿ, ದಪ್ಪ ತಳದ ಪಾತ್ರೆಯಲ್ಲಿ ಆಲಿವ್ ಎಣ್ಣೆಗೆ ಹಾಕಿದೆ. "ಸದ್ದು ಬದಲಾಗೋವರೆಗೂ ಮುಟ್ಟಬೇಡ" ಎಂದರು ಅಂಕಲ್. ಅದನ್ನು ನನಗೆ ಹೇಳಬೇಕಾಗಿರಲಿಲ್ಲ. ನೀರಿನಂಶ ಹೋಗಿ ಎಣ್ಣೆ ಮಾತಾಡಲು ಶುರು ಮಾಡುವ ಹೊತ್ತು ಎಲ್ಲ ಅಡುಗೆಯಲ್ಲೂ ಒಂದೇ. ಆಮೇಲೆ ಹೆಚ್ಚಿದ ತರಕಾರಿ, ಬೆಳ್ಳುಳ್ಳಿ, ಟೊಮ್ಯಾಟೊ, ಹೊಸ ವೈನು ಒಂದೊಂದಾಗಿ ಬಿದ್ದವು. ಸಣ್ಣ ಉರಿ, ಗಂಟೆಗಟ್ಟಲೆ. ಮನೆಯೆಲ್ಲ ಆ ವಾಸನೆ ತುಂಬಿಕೊಂಡಿತು. ಜೊತೆಗೆ ಮೆಕ್ಕೆಜೋಳದ ರವೆಯನ್ನು ನೀರಿನಲ್ಲಿ ತೊಳಸಿ ತೊಳಸಿ ಗಟ್ಟಿ ಮಾಡುವ ಪೊಲೆಂಟಾ ಎಂಬುದೊಂದಿತ್ತು. ಮೈಸೂರಿನಲ್ಲಿ ಎದುರುಮನೆಯವರು ಮುದ್ದೆ ತೊಳಸುವುದನ್ನು ನೋಡಿ ಬೆಳೆದವಳಿಗೆ ಅದು ಯಾವ ಲೆಕ್ಕ. ಗಂಟಿಲ್ಲದೆ ಬಂತು.

ತೊಡಕು ಬಂದದ್ದು ಕೊನೆಯಲ್ಲಿ. "ಈಗ ಉಪ್ಪು" ಎಂದರು ಅಂಕಲ್. "ಅವಳು ಶುರುವಲ್ಲಿ ಹಾಕ್ತಿರಲಿಲ್ಲ. ಇಳಿಸೋ ಮುಂಚೆ ರುಚಿ ನೋಡಿ ನೋಡಿ ಹಾಕೋಳು. ನೀನು ತಿನ್ನಲ್ಲ, ಗೊತ್ತು. ನಾನು ನೋಡ್ತೀನಿ." ಎಡಗೈಯಲ್ಲಿ ಚಮಚ ಹಿಡಿದು ಪಾತ್ರೆಯ ಹತ್ತಿರ ಬಂದರು. ನಾನು ಅಡ್ಡ ನಿಂತೆ.

"ಇವತ್ತು ಯಾರಿಗೆ ಅಡುಗೆ ಇದು, ಅಂಕಲ್?"

"ಅವಳ ತಂಗಿಗೆ."

"ಅಲ್ಲ. ಯಾರ ದಿನ ಇದು?"

ನಾನು ಹೇಳಿದೆ: ನಮ್ಮ ಮನೆಯಲ್ಲಿ ಈ ಥರದ ದಿನ ಹೋದವರಿಗೆ ಬಡಿಸುವ ಮುಂಚೆ ಯಾರೂ ನಾಲಿಗೆಗೆ ತಾಗಿಸುವುದಿಲ್ಲ. ಅಡುಗೆ ಮಾಡಿದವಳೂ ಇಲ್ಲ. ನನ್ನ ಅಜ್ಜಿ ಇಡೀ ಅಡುಗೆಯನ್ನು ಮೂಗಿನಿಂದ, ಕಿವಿಯಿಂದ ಮಾಡುತ್ತಿದ್ದಳು. ಉಪ್ಪು ಸರಿಯಾಗಿದೆಯಾ ಎಂದು ಕೇಳಿದರೆ "ಮೂಗಿಲ್ವೇನೇ ನಿನಗೆ" ಎಂದು ಗದರುತ್ತಿದ್ದಳು. ಹೋದವರ ಊಟವನ್ನು ಅವರಿಗಿಂತ ಮುಂಚೆ ಉಂಡರೆ ಅದು ಎಂಜಲಾಗುತ್ತದೆ.

ಅಂಕಲ್ ಚಮಚವನ್ನು ನೋಡುತ್ತ ನಿಂತರು. "ಇಷ್ಟು ವರ್ಷ ಇದನ್ನ ಅವಳ ತಂಗಿ ನಾಲಿಗೆಗೆ ಹೆದರಿ ಮಾಡಿದೆ. ಅವಳಿಗೆ ಅಂತ ಒಂದು ಸಲಾನೂ ಮಾಡಲಿಲ್ಲ" ಎಂದರು. ಚಮಚವನ್ನು ಮೇಜಿನ ಮೇಲಿಟ್ಟುಬಿಟ್ಟರು.

ಅಲ್ಲಿಗೆ ಉಪ್ಪು ನನ್ನ ಕೈಗೆ ಬಂತು. ನನ್ನ ಕೈಗೆ ಹುಳಿಯ ಉಪ್ಪು ಗೊತ್ತು, ಪಲ್ಯದ ಉಪ್ಪು ಗೊತ್ತು. ಹಂದಿ ಎಷ್ಟು ಕೇಳುತ್ತದೆಂದು ಯಾರಿಗೆ ಗೊತ್ತು? ಹೆಚ್ಚಾದರೆ ಎಲ್ಲ ಹಾಳೆಂದು ಹೆದರಿ, ಕಡಿಮೆಯೇ ಹಾಕಿದೆ. ನಮ್ಮಲ್ಲಿ ಎಲೆಯ ತುದಿಗೆ ಮೊದಲು ಬಡಿಸುವುದೇ ಉಪ್ಪು ಎಂಬ ಧೈರ್ಯದ ಮೇಲೆ ಒಂದು ಬಟ್ಟಲು ಉಪ್ಪನ್ನು ಮೇಜಿನ ನಡುವೆ ಇಟ್ಟೆ. ಇಟ್ಟ ಮೇಲೆ ನೆನಪಾಯಿತು: ಅಂಕಲ್‌ಗೆ ಇದ್ದದ್ದು ಒಂದೇ ಅವಕಾಶ. ಅದನ್ನು ನನ್ನ ಅಜ್ಜಿಯ ಮಡಿಗೆ ಒಪ್ಪಿಸಿಬಿಟ್ಟೆನಲ್ಲ!

ತಂಗಿ ಮಧ್ಯಾಹ್ನದ ಹೊತ್ತಿಗೆ ಬಂದರು. ಎತ್ತರದ ಹೆಂಗಸು, ಕತ್ತರಿಸಿದ ಬಿಳಿ ಕೂದಲು. ನನ್ನ ಸೀರೆಯನ್ನೂ ಅಂಕಲ್‌ರ ಕೈಯನ್ನೂ ಒಂದೇ ನೋಟದಲ್ಲಿ ಅಳೆದು, "ಓ, ಈ ಸಲ ಬೇರೆಯವರ ಕೈಲಿ ಮಾಡಿಸಿದೀಯ" ಎಂದು ಕೂತರು. ಗೆಲ್ಲುವ ಆಸೆ ಅಲ್ಲೇ ಅರ್ಧ ಹೋಯಿತು. ಬಡಿಸಿದ ಕೂಡಲೇ ಅವರು ಚಮಚ ಎತ್ತಿಕೊಂಡರು. ಅಂಕಲ್ ಎಡಗೈ ಚಾಚಿ ಅವರ ಮಣಿಕಟ್ಟು ಹಿಡಿದರು.

"ತಾಳು. ಮೊದಲು ಅವಳಿಗೆ."

ನಾನು ಇನ್ನೊಂದು ತಟ್ಟೆಗೆ ಬಡಿಸಿ ಖಾಲಿ ಕುರ್ಚಿಯ ಮುಂದಿಟ್ಟೆ. ಅಂಕಲ್ ನನ್ನ ಮಾತನ್ನೇ ತಮ್ಮ ನಾದಿನಿಗೆ ಹೇಳಿದರು, ಯಾವ ಕಾಲದಿಂದಲೋ ತಮ್ಮ ಮನೆಯಲ್ಲೇ ನಡೆದು ಬಂದದ್ದೆಂಬ ಹಾಗೆ. ಆಕೆ ತಟ್ಟೆಯಿಂದ ಏಳುತ್ತಿದ್ದ ಹಬೆಯನ್ನು ನೋಡಿದರು. "ಎಷ್ಟು ಹೊತ್ತು ಕಾಯಬೇಕು?" ಎಂದು ನನ್ನನ್ನು ಕೇಳಿದರು.

"ಹಬೆ ಇರೋವರೆಗೂ ಅವರು ಊಟ ಮಾಡ್ತಿರ್ತಾರೆ ಅಂತ ಹೇಳ್ತಾರೆ ನಮ್ಮ ಕಡೆ."

"ಅವಳು ಗಬಗಬ ತಿನ್ನೋಳು. ಸಾಕು" ಎಂದರು. ಆದರೂ ಹಬೆ ಕಡಿಮೆಯಾಗುವವರೆಗೆ ಚಮಚ ಮುಟ್ಟಲಿಲ್ಲ.

ಆಮೇಲೆ ತಿಂದರು. ಎರಡನೆಯ ತುತ್ತಿಗೆ ನಿಲ್ಲಿಸಿದರು. "ಇದರಲ್ಲಿ ಉಪ್ಪೇ ಇಲ್ಲ." ನಾನು ಡಬ್ಬಿಯಲ್ಲಿ ತಂದುಕೊಂಡಿದ್ದ ಮೊಸರನ್ನವನ್ನು ಪಕ್ಕಕ್ಕೆ ಸರಿಸಿದೆ. ಅಂಕಲ್‌ರ ಮುಖ ಕಪ್ಪಿಟ್ಟಿತು. ಆಕೆ ಬಟ್ಟಲಿನಿಂದ ಒಂದು ಚಿಟಿಕೆ ಉಪ್ಪು ಹಾಕಿಕೊಂಡು ಕಲಸಿ, ಬಾಯಿಗಿಟ್ಟು, ಮತ್ತೊಂದು ಚಿಟಿಕೆ ಹಾಕಿಕೊಂಡರು.

"ಅಷ್ಟೊಂದು ಹಾಕ್ತಿರಲಿಲ್ಲ ಅವಳು" ಎಂದರು ಅಂಕಲ್, ಮೆಲ್ಲಗೆ.

"ಹಾಕೋಳು. ಬಿಸಿಬಿಸಿ ಬಾಯಿಗೆ ಹಾಕಿ ನಾಲಿಗೆ ಸುಟ್ಕೊಂಡು, ಉಪ್ಪು ಗೊತ್ತಾಗದೆ ಇನ್ನಷ್ಟು ಸುರಿಯೋಳು. ಚಿಕ್ಕಂದಿನಿಂದ ಅವಳ ಅಡುಗೆ ಉಪ್ಪುಪ್ಪು."

"ಅದು ನಿಮ್ಮಮ್ಮನ ಮನೇಲಿ. ಇಲ್ಲಿ ನನ್ನ ಬ್ಲಡ್ ಪ್ರೆಶರ್ ಶುರುವಾದ್ಮೇಲೆ ಕಡಿಮೆ ಮಾಡಿದ್ಲು. ನೀನು ಬರೋ ದಿನ ಮಾತ್ರ ಜಾಸ್ತಿ."

ಆಕೆ ಚಮಚ ಕೆಳಗಿಟ್ಟರು. "ನಾನು ಬರೋ ದಿನ ಮಾತ್ರ?"

"ನಿನಗೆ ಹಾಗೇ ಇಷ್ಟ ಅಂತ."

ಆಕೆ ಎದ್ದು, ಉಪ್ಪಿನ ಬಟ್ಟಲು ಹಿಡಿದುಕೊಂಡು ಒಲೆಯ ಹತ್ತಿರ ಹೋದರು. ಅಂಕಲ್ ಹಿಂದೆಯೇ ಹೋದರು. ಪಾತ್ರೆಯ ಕೆಳಗೆ ಸಣ್ಣ ಉರಿ ಹಚ್ಚಿ, ಒಂದೇ ಚಮಚವನ್ನು ಕೈಯಿಂದ ಕೈಗೆ ದಾಟಿಸುತ್ತ, ಇಬ್ಬರೂ ರುಚಿ ನೋಡತೊಡಗಿದರು. ಇನ್ನೊಂದು ಚಿಟಿಕೆ ಎಂದು ಆಕೆ, ಬೇಡ ಎಂದು ಇವರು. ನೆನಪಿದೆಯಾ ಆ ಕ್ರಿಸ್‌ಮಸ್ಸು, ಬಾಗಿಲಲ್ಲಿ ನಾಯಿ, ಇಡೀ ಪಾತ್ರೆ ನೆಲಕ್ಕೆ ಎಂದು ಇವರು. ಅವತ್ತು ಅವಳು ಅಳಲಿಲ್ಲ, ನಕ್ಕಳು ಎಂದು ಆಕೆ. ನನ್ನನ್ನು ಇಬ್ಬರೂ ಮರೆತೇಬಿಟ್ಟಿದ್ದರು. ನನಗೆ ಅವರ ಬೆನ್ನುಗಳು ಮಾತ್ರ ಕಾಣುತ್ತಿದ್ದವು. ಕಿವಿಗೆ ಆ ಹೆಂಗಸಿನ ವಿಷಯ ಬೀಳುತ್ತಲೇ ಇತ್ತು. ನಾನು ಆಕೆಯ ಕಾರಿನಲ್ಲಿ ಊರೆಲ್ಲ ಸುತ್ತಿದ್ದೆ, ಆಕೆಯ ನಗು ಹೇಗಿತ್ತೆಂದು ಅವತ್ತೇ ಗೊತ್ತಾದದ್ದು.

ತುಂಬ ಹೊತ್ತಿನ ಮೇಲೆ ಆಕೆಯ ಕೈಯಲ್ಲಿ ಚಮಚ ನಿಂತಿತು. "ಇದು" ಎಂದರು. ಅಂಕಲ್ ಚಮಚ ತೆಗೆದುಕೊಂಡು ತಾವೂ ನೋಡಿದರು. ತಲೆ ಆಡಿಸಿದರು. ಆಕೆ ಒಲೆಯ ಪಕ್ಕದ ಕಟ್ಟೆಯ ಮೇಲೆ ಎರಡೂ ಕೈಯೂರಿ ತಲೆ ತಗ್ಗಿಸಿ ಅತ್ತರು, ಸದ್ದಿಲ್ಲದೆ. ನಾನೂ ಅತ್ತೆ. ನನ್ನ ಜೀವಮಾನದಲ್ಲಿ ನಾನು ಮಾಡಿದ ಅತಿ ಸಪ್ಪೆ ಅಡುಗೆ ಅದು. ಆ ಅಡುಗೆಮನೆಯಲ್ಲಿ ನನಗೆ ನಿಲ್ಲಲು ಜಾಗ ಕೊಟ್ಟದ್ದಕ್ಕೆ ಆ ಇಬ್ಬರಿಗೂ, ಉಪ್ಪಿನ ವಿಷಯದಲ್ಲಿ ಹೆದರಿದ ನನ್ನ ಕೈಗೂ ನಾನು ಇಂದಿಗೂ ಕೃತಜ್ಞಳು.

ಮತ್ತೆ ಕೂತು ಹೊಟ್ಟೆ ತುಂಬ ಉಂಡರು. ಎಲ್ಲ ಮುಗಿದ ಮೇಲೆ ಅಂಕಲ್ ಖಾಲಿ ಕುರ್ಚಿಯ ಮುಂದಿನ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ತಣ್ಣಗಾಗಿತ್ತು, ಸಪ್ಪೆಯೂ ಇತ್ತು. "ಅವಳು ಯಾವಾಗಲೂ ಅರ್ಧ ಬಿಡೋಳು, ನಾನೇ ಮುಗಿಸ್ತಿದ್ದೆ" ಎಂದು ಅದನ್ನು ಪೂರ್ತಿ ತಿಂದರು. ನಾದಿನಿ ಮುಖ ತಿರುಗಿಸದೆ ನೋಡುತ್ತ ಕೂತಿದ್ದರು.

ಹೊರಡುವಾಗ ಆಕೆ ಕಾರಿನ ಕಿಟಕಿ ಇಳಿಸಿದರು. ಮಾತಾಡಿದ್ದು ಅಂಕಲ್ ಜೊತೆಗಲ್ಲ, ನನ್ನ ಜೊತೆಗೆ. "ಮುಂದಿನ ವರ್ಷ ಬೆಳಿಗ್ಗೆಯೇ ಬರ್ತೀನಿ. ಉಪ್ಪು ನಾನು ಹಾಕ್ತೀನಿ. ಅಲ್ಲಿವರೆಗೂ ಇವನನ್ನ ಪಾತ್ರೆ ಹತ್ರ ಬಿಡಬೇಡ."

ಕಾರು ತಿರುವು ದಾಟಿ ಹೋಯಿತು. ಅಂಕಲ್ ಅಲ್ಲೇ ನಿಂತಿದ್ದರು. ಆಮೇಲೆ ನನ್ನ ಕಡೆ ತಿರುಗಿ, ನನಗೆ ಕೇಳಿಸಿಯೇ ಇಲ್ಲವೇನೋ ಎಂಬ ಹಾಗೆ ಹೇಳಿದರು:

"ಬರ್ತಾಳಂತೆ."